ಗುಡ್ಡದ ಫ್ಯಾನು ಮತ್ತು ಕಾಕಾನ ಪ್ರಶ್ನೆ

ರೋಣದಿಂದ ಗಜೇಂದ್ರಗಡದ ಬಸ್ಸು ಹತ್ತಿದರೆ ಎರೆಹೊಲದ ಬಯಲು ಮುಗಿದು ಗುಡ್ಡ ಶುರುವಾಗುವಾಗ ಗಾಳಿಯಂತ್ರಗಳು ಸಾಲಾಗಿ ಕಾಣಿಸುತ್ತವೆ. ನಾನು ಚಿಕ್ಕವನಿದ್ದಾಗ ಇವು ಇರಲಿಲ್ಲ. ಆಗ ಗಜೇಂದ್ರಗಡ ಅಂದ್ರೆ ಕೋಟೆ, ಕಾಲಕಾಲೇಶ್ವರ, ಮತ್ತೆ ಟೋಪಿ ಹಾರಿಸೋ ಗಾಳಿ, ಅಷ್ಟೇ. ಆ ಗಾಳಿಯೇ ಮುಂದೆ ನನಗೆ ಅನ್ನ ಹಾಕುತ್ತೆ ಅಂತ ಯಾರಿಗೆ ಗೊತ್ತಿತ್ತು!

"ನೀ ಮಾಡೂ ನೌಕರಿ ಏನಪಾ?" ಅಂತ ಊರಲ್ಲಿ ಯಾರಾದರೂ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. "ಕರೆಂಟಿನ ಪಾಲಿಸಿ" ಅಂದರೆ "ಎಲ್ಐಸಿ ಏನು?" ಅಂತಾರೆ :-)

ನಾನು ಈ ಕೆಲಸಕ್ಕೆ ಸೇರಿದ್ದು 2006ರಲ್ಲಿ, ಬೆಂಗಳೂರಿನ ಒಂದು ಸಲಹಾ ಕಂಪನಿಯಲ್ಲಿ. 1997ರ ಕ್ಯೋಟೋ ಒಪ್ಪಂದ ಜಾರಿಗೆ ಬಂದು ಆಗಷ್ಟೇ ಒಂದು ವರ್ಷವಾಗಿತ್ತು. ಶ್ರೀಮಂತ ದೇಶಗಳು ಹೊಗೆ ಕಡಿಮೆ ಮಾಡಬೇಕು. ತಮ್ಮಲ್ಲಿ ಆಗದಿದ್ದಷ್ಟನ್ನು ನಮ್ಮಂಥ ದೇಶಗಳಲ್ಲಿ ಕಡಿಮೆ ಮಾಡಿಸಿ, ಅದರ ಕ್ರೆಡಿಟ್ ಕೊಳ್ಳಬಹುದು. ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್. 800 ಕಿಲೋವ್ಯಾಟ್‌ನ ಒಂದು ಯಂತ್ರ ತನ್ನ ಶಕ್ತಿಯ ಕಾಲುಭಾಗದಷ್ಟು ದುಡಿದರೂ ವರ್ಷಕ್ಕೆ ಸುಮಾರು 17.5 ಲಕ್ಷ ಯೂನಿಟ್. ಅಷ್ಟೇ ಕರೆಂಟನ್ನು ಕಲ್ಲಿದ್ದಲು ಹೆಚ್ಚಿದ್ದ ಆಗಿನ ಗ್ರಿಡ್‌ನಿಂದ ತೆಗೆದಿದ್ದರೆ 1,500 ಟನ್ನಿಗೂ ಹೆಚ್ಚು ಹೊಗೆ. ಈ ಲೆಕ್ಕ ಬರೆಯೋದೇ ನನ್ನ ಕೆಲಸ.

ಆ ದಾಖಲೆಯಲ್ಲಿ ಎ, ಬಿ, ಸಿ, ಡಿ ಎಲ್ಲಾ ಭರ್ತಿ ಲೆಕ್ಕ. ಕೊನೆಗೆ ಇ ಭಾಗ, ಊರಿನವರ ಅಭಿಪ್ರಾಯ. ಸಾಮಾನ್ಯವಾಗಿ ಒಂದೇ ಪುಟ.

2007ರಲ್ಲಿ ನಮ್ಮ ಕಡೆಯ ಒಂದು ಯೋಜನೆ ಬಂತು. ಕನ್ನಡ ಬರುತ್ತೆ ಅಂತ ನನ್ನನ್ನೇ ಕಳಿಸಿದರು. ಸಾಲಿಯ ವರಾಂಡದಲ್ಲಿ ಸಭೆ, ಚಹಾ, ಬಿಸ್ಕತ್ತು. ನಮ್ಮ ಕಾಕಾನೂ ಬಂದು ಹಿಂದೆ ಕೂತಿದ್ದ. ಎಲ್ಲಾ ಮುಗೀತು ಅನ್ನುವಾಗ ಎದ್ದು ನಿಂತ.

"ಫ್ಯಾನು ನಮ್ಮ ಗುಡ್ಡದಾಗ ತಿರಗ್ತೈತಿ. ರಾತ್ರಿ ನಮ್ಮ ಮನ್ಯಾಗ ಕರೆಂಟ್ ಇರಂಗಿಲ್ಲ. ಇದು ಹೆಂಗ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಫೀಸಿಗೆ ಬಂದು ಇಂಗ್ಲಿಷಿನಲ್ಲಿ ಬರೆದೆ: ಗ್ರಾಮಸ್ಥರು ಯೋಜನೆಯನ್ನು ಸ್ವಾಗತಿಸಿದರು, ಆಕ್ಷೇಪಣೆ ಬರಲಿಲ್ಲ. ದಾಖಲೆಯನ್ನು ವಿಶ್ವಸಂಸ್ಥೆಯ ಜಾಲತಾಣದಲ್ಲಿ 30 ದಿನ ಇಟ್ಟಿದ್ದರು, ಯಾರು ಬೇಕಾದರೂ ಅಭಿಪ್ರಾಯ ಬರೀಬಹುದು ಅಂತ. ದಾಖಲೆ ಪೂರ್ತಿ ಇಂಗ್ಲಿಷ್! ನಮ್ಮೂರಿಂದ ಯಾರು ಬರೀತಾರೆ ಹೇಳಿ?

ಕಾಕಾನ ಪ್ರಶ್ನೆಗೆ ಉತ್ತರ ಇರಲಿಲ್ಲ ಅಂತಲ್ಲ. ಗುಡ್ಡದ ಕರೆಂಟು ಊರಿಗೆ ಇಳಿಯಲ್ಲ, ಸಬ್‌ಸ್ಟೇಷನ್ ಮೂಲಕ ರಾಜ್ಯದ ಗ್ರಿಡ್ ಸೇರುತ್ತೆ. ಊರಿಗೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ಬೇರೆಯವರ ಕೈಯಲ್ಲಿ. ಇನ್ನೊಂದು, ಗಾಳಿ ಜೋರಾಗಿ ಬೀಸೋದು ಜೂನ್‌ನಿಂದ ಸೆಪ್ಟೆಂಬರ್, ಮುಂಗಾರಿನ ಹೆಸರು ಹೊಲದಲ್ಲಿರುವಾಗ. ಪಂಪ್‌ಸೆಟ್ಟಿಗೆ ಕರೆಂಟು ಬೇಕಾಗೋದು ಬ್ಯಾಸಗಿಯಲ್ಲಿ, ಆಗ ಗಾಳಿ ಕಡಿಮೆ. ಮುಂದಿನ ಸಲ ಊರಿಗೆ ಹೋದಾಗ ಇದನ್ನೆಲ್ಲಾ ಕಾಕಾನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಹಂಗಾರ ಅದನ್ನ ಬರೀಬೇಕಿತ್ತಲ್ಲೋ ತಮ್ಮಾ. ನಾ ಕೇಳಿದ್ದು, ನೀ ಹೇಳಿದ್ದು, ಎರಡೂ."

ಸ್ವಲ್ಪ ಹೊತ್ತಿನ ಮೇಲೆ, "ಕಾಲುವಿ ಬಂದಾಗೂ ಹಿಂಗ, ನಮ್ಮ ಮಾತು ಯಾರೂ ಬರಕೊಳ್ಳಲಿಲ್ಲ" ಅಂದ.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭೆಯ ನೀರು ಹೊಲಕ್ಕೆ ಬಾರದವರಿಗೂ ಅಭಿವೃದ್ಧಿ ಕರ ಹಾಕಿದ್ದರು. ಅದರ ವಿರುದ್ಧ ಸೇರಿದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಇವತ್ತಿಗೂ ಪ್ರತಿವರ್ಷ ಆ ದಿನ ರೈತರು ಅಲ್ಲಿ ಸೇರುತ್ತಾರೆ. ಕಾಲುವೆ ಕೆಟ್ಟದ್ದು ಅಂತ ಯಾರೂ ಅಂದಿರಲಿಲ್ಲ. ಗಾಳಿಯಂತ್ರ ಕೆಟ್ಟದ್ದು ಅಂತ ಕಾಕಾನೂ ಅನ್ನಲಿಲ್ಲ...

ಆಮೇಲೆ ದೆಹಲಿ, ಜರ್ಮನಿಯ ಬಾನ್, ಸಭೆ ಮೇಲೆ ಸಭೆ. 2008ರಲ್ಲಿ 20 ಯೂರೋ ದಾಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ನಾವು ಅಷ್ಟು ಜೋಪಾನವಾಗಿ ಮಾಡಿದ ಲೆಕ್ಕಗಳಿಗೆ ಬೆಲೆಯೇ ಇಲ್ಲದಂತಾಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಹೊಸ ವ್ಯವಸ್ಥೆ ಬಂತು. 2024ರಲ್ಲಿ ಅದಕ್ಕೆ ದೂರು ಮತ್ತು ಮೇಲ್ಮನವಿಯ ನಿಯಮವೂ ಆಯಿತು. ಅದನ್ನು ಓದಿದಾಗ ನನಗೆ ನೆನಪಾಗಿದ್ದು ಸಾಲಿಯ ವರಾಂಡ.

ಈಗ ಯಾವ ದೇಶದ ಯೋಜನೆ ಬಂದರೂ ನಾನು ಮೊದಲು ಓದೋದು ಊರಿನವರ ಮಾತಿನ ಪುಟವನ್ನೇ. "ಎಲ್ಲರೂ ಸ್ವಾಗತಿಸಿದರು" ಅಂತಿದ್ದರೆ ವಾಪಸ್ ಕಳಿಸಿ ಕೇಳುತ್ತೇನೆ: ಸಭೆ ಯಾವ ಭಾಷೆಯಲ್ಲಿ ನಡೀತು? ಯಾರು ಏನು ಕೇಳಿದರು? ಸಹೋದ್ಯೋಗಿಗಳಿಗೆ ಇದು ನನ್ನ ಹುಚ್ಚು ಅನ್ನಿಸುತ್ತೆ. ಇರಲಿ. ಆ ಹಳೆಯ ದಾಖಲೆಯನ್ನಂತೂ ನಾನು ತಿದ್ದೋಕೆ ಆಗಲ್ಲ.

ನಿಮ್ಮೂರಿಗೂ ಗಾಳಿಯದೋ ಸೋಲಾರಿನದೋ ಸಭೆ ಬಂದರೆ ತಪ್ಪದೆ ಹೋಗಿ. ಕೇಳಬೇಕಾದ್ದನ್ನು ಕೇಳಿ. ಅದನ್ನು ಕನ್ನಡದಲ್ಲೇ ಬರೆಸಿ, ಓದಿಸಿ, ಆಮೇಲೆ ಸಹಿ ಮಾಡಿ. ಚಹಾ ಬಿಸ್ಕತ್ತು ಹೇಗೂ ಇದ್ದೇ ಇರುತ್ತೆ.