ಕಳಲೆ ಗದ್ದೆ ಎಷ್ಟು ಎಂಬಿ?

ನಂಜನಗೂಡಿನ ಹತ್ತಿರದ ಕಳಲೆ ಅಂದ್ರೆ ಮೈಸೂರಿನ ದಳವಾಯಿಗಳ ಊರು, ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಊರು. ವಿಡಿಯೋ ಕುಗ್ಗಿಸೋ ಕೆಲಸದಲ್ಲಿರೋ ನನ್ನ ಕಣ್ಣಿಗೆ ಮಾತ್ರ ಅಲ್ಲಿ ಕಾಣೋದು ಬೇರೆ... ದೇವಸ್ಥಾನದ ಗೋಡೆ ಸುಲಭ, ಗಾಳಿಗೆ ತೂಗೋ ಭತ್ತದ ಗದ್ದೆ ಕಷ್ಟ!

ಯಾಕೆ ಅಂತೀರಾ? ಲೆಕ್ಕ ನೋಡಿ. 1920×1080 ಪಿಕ್ಸೆಲ್, ಒಂದೊಂದಕ್ಕೆ 3 ಬೈಟ್, ಸೆಕೆಂಡಿಗೆ 30 ಫ್ರೇಮ್. ಕುಗ್ಗಿಸದೆ ಹಾಗೇ ಇಟ್ಟರೆ ಒಂದು ನಿಮಿಷಕ್ಕೆ ಸುಮಾರು 11 ಜಿಬಿ. ಇದನ್ನ ಇಳಿಸೋಕೆ ಮುಖ್ಯವಾಗಿ ಎರಡು ಉಪಾಯ. ಒಂದು, ಹಿಂದಿನ ಫ್ರೇಮಿನಲ್ಲಿದ್ದ ತುಂಡನ್ನೇ "ಇಷ್ಟು ಪಕ್ಕಕ್ಕೆ ಸರಿದಿದೆ" ಅಂತ ಹೇಳಿ ಮುಗಿಸೋದು. ಇನ್ನೊಂದು, ಉಳಿದ ವ್ಯತ್ಯಾಸವನ್ನ ಡಿಸಿಟಿ ಅನ್ನೋ ಗಣಿತದಿಂದ ದೊಡ್ಡ ಅಲೆ, ಸಣ್ಣ ಅಲೆ ಅಂತ ಬಿಡಿಸಿ, ಕಣ್ಣಿಗೆ ಅಷ್ಟಾಗಿ ಬೀಳದ ಸಣ್ಣ ಅಲೆಗಳನ್ನ ಕೈಬಿಡೋದು. ಅಂದಹಾಗೆ ಡಿಸಿಟಿ ನಮ್ಮವರದ್ದೇ! ಬೆಂಗಳೂರಿನಲ್ಲಿ ಹುಟ್ಟಿ, ಇಂದಿನ ಯುವಿಸಿಇಯಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿದ ನಾಸಿರ್ ಅಹ್ಮದ್ ಅವರು ಟಿ. ನಟರಾಜನ್, ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದ್ದು. ನಾವು ದಿನಾ ನೋಡೋ ಜೆಪೆಗ್ ಫೋಟೋಗಳ ಒಳಗಿರೋದೂ ಅದೇ.

ಗದ್ದೆ ಮುಂದೆ ಈ ಎರಡೂ ಉಪಾಯ ಸೋಲುತ್ತವೆ. ಒಂದೊಂದು ಗರಿ ಒಂದೊಂದು ಕಡೆ ತೂಗುತ್ತೆ, ಹಾಗಾಗಿ ಹಿಂದಿನ ಫ್ರೇಮ್ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. ಮೇಲಾಗಿ ಗದ್ದೆ ತುಂಬಾ ಸಣ್ಣ ಅಲೆಗಳೇ. ಅವನ್ನ ಬಿಟ್ಟರೆ ಉಳಿಯೋದು ಹಸಿರು ಮುದ್ದೆ.

ಇದಕ್ಕೆ ಇನ್ನೊಂದು ದಾರಿ ಟೆಕ್ಸ್ಚರ್ ಸಿಂಥೆಸಿಸ್. ಒಂದು ಸಣ್ಣ ತುಂಡು ಚಿತ್ರ ಕೊಟ್ಟರೆ, ಅಕ್ಕಪಕ್ಕದ ಪಿಕ್ಸೆಲ್‌ಗಳನ್ನ ಹೋಲಿಸುತ್ತಾ ಅದೇ ಥರದ್ದನ್ನ ಬೆಳೆಸಿಕೊಂಡು ಹೋಗಬಹುದು ಅಂತ 1999ರಲ್ಲಿ ಎಫ್ರೋಸ್ ಮತ್ತು ಲ್ಯೂಂಗ್ ತೋರಿಸಿದ್ರು. ಹಾಗಿದ್ಮೇಲೆ ಇಡೀ ಗದ್ದೆ ಯಾಕೆ ಕಳಿಸಬೇಕು? ಒಂದು ಹಿಡಿ ಪೈರು ಕಳಿಸಿದ್ರೆ ಸಾಕು, ಉಳಿದದ್ದನ್ನ ನೋಡುವವರ ಫೋನೇ ನಾಟಿ ಮಾಡಿಕೊಳ್ಳಲಿ! 2018ರಲ್ಲಿ ಬಂದ ಏವಿ1 ಇಂಥದ್ದೇ ಒಂದನ್ನ ಮಾಡುತ್ತೆ. ಸಿನಿಮಾ ರೀಲಿನ ಗ್ರೇನ್ ತೆಗೆದುಹಾಕಿ, ಅದರ ಲಕ್ಷಣವನ್ನ ಕೆಲವೇ ಅಂಕಿಗಳಲ್ಲಿ ಕಳಿಸಿ, ನೋಡೋ ಹೊತ್ತಿಗೆ ಮತ್ತೆ ಹುಟ್ಟಿಸುತ್ತೆ.

ಹೋದ ಸಲ ಊರಿಗೆ ಹೋದಾಗ ಗದ್ದೆ ಬದುವಿನ ಮೇಲೆ ಕೂತು ಸೋದರಮಾವನಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಮಾವ ಪೂರ್ತಿ ಕೇಳಿ, "ಹಂಗಾರೆ ಬೆಂಕಿ ರೋಗ ಬಂದಿರೋ ಗರಿ ಏನಾಯ್ತದೆ ಮಗ?" ಅಂದ್ರು.

ನಾನು ಸುಮ್ಮನಾದೆ. ಗರಿ ಮೇಲೆ ಚುಕ್ಕೆ ಕಂಡ್ರೆ ಮಾವ ಫೋನಿನಲ್ಲಿ ವಿಡಿಯೋ ಮಾಡಿ ತಿಳಿದವರಿಗೆ ಕಳಿಸ್ತಾರೆ. ಔಷಧಿ ಹೊಡಿಬೇಕಾ ಬೇಡ್ವಾ ಅನ್ನೋದು ಅದರ ಮೇಲೇ ನಿಂತಿರುತ್ತೆ. ಹಸಿರು ಮುದ್ದೆಯಾದ್ರೆ "ಸರಿಯಾಗಿ ಕಾಣ್ತಿಲ್ಲ, ಇನ್ನೊಂದ್ಸಲ ತೆಗಿ" ಅಂತಾರೆ. ಒಳ್ಳೆ ಗರಿಯ ತುಂಡಿನಿಂದ ಬೆಳೆಸಿದ ಗದ್ದೆಯಾದ್ರೆ? ಗರಿಗರಿಯಾಗಿ, ಒಂದು ಚುಕ್ಕೆಯೂ ಇಲ್ಲದೆ ಕಾಣುತ್ತೆ. ಯಾರಿಗೂ ಅನುಮಾನ ಬರಲ್ಲ. ಪೈರು ಮಾತ್ರ ಹೋಗಿರುತ್ತೆ.

ನಮ್ಮ ಭಾಷೆಯಲ್ಲಿ ಗದ್ದೆ ಅನ್ನೋದು "ಮುಖ್ಯವಲ್ಲದ ಭಾಗ". ತೇರಿನ ವಿಡಿಯೋದಲ್ಲಿ ಹಿಂದೆ ಕಾಣೋ ಗದ್ದೆಗೆ ಅದು ಸರಿ. ಮಾವನ ವಿಡಿಯೋದಲ್ಲಿ ಗದ್ದೆಯೇ ಎಲ್ಲಾ. ಯಾವುದು ಮುಖ್ಯ ಅನ್ನೋದು ಪಿಕ್ಸೆಲ್‌ನಲ್ಲಿ ಇರಲ್ಲ, ನೋಡುವವರ ಅಗತ್ಯದಲ್ಲಿ ಇರುತ್ತೆ. ಏವಿ1ನಲ್ಲಿ ಗ್ರೇನ್ ಬೆರೆಸೋ ಮಾಹಿತಿ ಫೈಲಿನಲ್ಲೇ ಬೇರೆಯಾಗಿರುತ್ತೆ, ಡಿಕೋಡರ್‌ನಲ್ಲಿ ಅದನ್ನ ಆಫ್ ಮಾಡಬಹುದು. ಹುಟ್ಟಿಸಿದ ಪ್ರತಿ ಗರಿಗೂ ಅಷ್ಟು ಪ್ರಾಮಾಣಿಕತೆ ಇರಲಿ ಅನ್ನೋದು ನನ್ನ ಆಸೆ.

ನಿಮ್ಮೂರಿನ ವಿಡಿಯೋದಲ್ಲಿ ಯಾವುದನ್ನ ಬಿಟ್ಟರೂ ನಡೆಯುತ್ತೆ, ಯಾವುದನ್ನ ಬಿಡೋ ಹಾಗೇ ಇಲ್ಲ? ಹೇಳಿ ನೋಡೋಣ...