ಮಾರುತಿ 800ರ ಉಳಿದ ಪ್ರತಿಗಳು

ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದವರಿಗೆಲ್ಲ ಪರಿಚಿತವಾದ ಒಂದು ವಿಪರ್ಯಾಸವಿದೆ. ದುರ್ಲಭವೆಂದು ಬಗೆದು ಪೆಟ್ಟಿಗೆಯಲ್ಲಿಟ್ಟ ಓಲೆಗರಿ ಶತಮಾನಗಳನ್ನು ದಾಟಿ ಬರುತ್ತದೆ; ಮನೆಮನೆಯಲ್ಲಿದ್ದ ಮಗ್ಗಿಪುಸ್ತಕ ಒಂದು ತಲೆಮಾರಿನೊಳಗೆ ಕಣ್ಮರೆಯಾಗುತ್ತದೆ. ಎಲ್ಲರಲ್ಲೂ ಇರುವುದನ್ನು ಯಾರೂ ಕಾಪಿಡುವುದಿಲ್ಲ. ಈಚೆಗೆ ಈ ಮಾತು ನನಗೆ ನೆನಪಾದದ್ದು ಗ್ರಂಥಭಂಡಾರದಲ್ಲಲ್ಲ, ಹಾಸನದ ಒಂದು ಗ್ಯಾರೇಜಿನಲ್ಲಿ.

ಶಾಲಾ ಅಧ್ಯಾಪಕರಾಗಿದ್ದ ನಮ್ಮ ತಂದೆಯವರು 1997ರಲ್ಲಿ ಸಾಲ ಮಾಡಿ ಒಂದು ಬಿಳಿಯ ಮಾರುತಿ 800 ಕೊಂಡರು. ಆಗ ನಮ್ಮ ಬೀದಿಯೊಂದರಲ್ಲೇ ಅಂಥವು ನಾಲ್ಕಿದ್ದವು. ಮೂರು ಬಿಳಿಯವೇ ಆದ್ದರಿಂದ ಹಾರನ್ನಿನ ದನಿಯಿಂದಲೇ ನಮ್ಮದನ್ನು ಗುರುತಿಸುತ್ತಿದ್ದೆವು. ಇಂದು ಆ ಬೀದಿಯಲ್ಲಿ ಉಳಿದಿರುವುದು ನಮ್ಮದೊಂದೇ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಗ್ರಾಹಕರಿಗೆ ಕೀಲಿಕೈ ಕೊಟ್ಟಾಗ ಇದರ ಬೆಲೆ ಸುಮಾರು 50,000 ರೂಪಾಯಿ. ಸಂಬಳದಾರರ ಮನೆಯಂಗಳಕ್ಕೆ ಕಾರು ಬಂದದ್ದು ಹೀಗೆ. 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 25 ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಂದಿದ್ದವು. ಮೊದಲನೆಯದನ್ನು ಕಂಪನಿಯೇ ದುರಸ್ತಿಮಾಡಿ ತನ್ನ ಕಚೇರಿಯಲ್ಲಿ ಇಟ್ಟುಕೊಂಡಿದೆ. ಮೊದಲನೆಯದಾದ್ದರಿಂದ ಅದಕ್ಕೆ ಆ ಭಾಗ್ಯ. ಉಳಿದವುಗಳಿಗೆ ಗುಜರಿಯೇ ಗತಿ. ನೋಂದಣಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ನಮ್ಮ ಕಾರಿನ ಎರಡನೆಯ ನವೀಕರಣದ ಅವಧಿ ಮುಗಿದದ್ದು ಅದೇ ವರ್ಷ. ಹಳೆಯ ವಾಹನಗಳ ಹೊಗೆ ಊರಿಗೆ ಹಿತವಲ್ಲವೆಂಬ ವಾದವನ್ನು ನಾನು ಅಲ್ಲಗಳೆಯಲಾರೆ. ಆದರೂ ಹಣ ಕಟ್ಟಿದೆವು.

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದಾಗ ನನ್ನೊಳಗಿನ ಸಂಪಾದಕ ಎಚ್ಚರಗೊಂಡ. ಕಾರ್ಬ್ಯುರೇಟರ್ ಒಂದು ಓಮ್ನಿಯದು. ಎರಡರದ್ದೂ ಒಂದೇ 796 ಸಿಸಿ ಎಂಜಿನ್ ವಂಶ. ಓಮ್ನಿ 2019ರವರೆಗೆ ತಯಾರಾಗುತ್ತಿದ್ದುದರಿಂದಲೇ ಎಷ್ಟೋ 800ಗಳು ಇನ್ನೂ ಉಸಿರಾಡುತ್ತಿವೆ. ಎಡಬಾಗಿಲು ಅಪಘಾತಕ್ಕೀಡಾದ ಬೇರೊಂದು ಕಾರಿನದು. ಬಿಳಿಯ ಬಣ್ಣದ ಕೆಳಗಿನಿಂದ ಕೆಂಪು ಇಣುಕುತ್ತದೆ. ಹೀಗೆ ಹಲವು ಪ್ರತಿಗಳಿಂದ ಕೂಡಿಬಂದದ್ದನ್ನು ನಾವು ಮಿಶ್ರಪಾಠವೆಂದು ಕರೆದು, ಶುದ್ಧಪಾಠದ ಹಂಬಲದಲ್ಲಿ ಅದನ್ನು ಕೀಳಾಗಿ ಕಾಣುತ್ತೇವೆ. ಬಳಕೆಯಲ್ಲಿ ಉಳಿದ ಕೃತಿ ಮಿಶ್ರವಾಗದೆ ಉಳಿಯುವುದುಂಟೇ ಎಂದು ಮೊದಲ ಬಾರಿಗೆ ನನಗೆ ಅನುಮಾನ ಬಂತು. ನನ್ನ ಹಿಂದಿನ ಕೆಲವು ಟಿಪ್ಪಣಿಗಳನ್ನು ಈಗ ಓದಲು ಸಂಕೋಚವಾಗುತ್ತದೆ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಹೇಳಿದ: "ಮೇಷ್ಟ್ರ ಗಾಡಿ ಅಂತ ಬಾಯಿಬಿಟ್ಟು ಕೇಳೋಕೆ ಆಗ್ತಿಲ್ಲ ಸಾರ್. ಇದನ್ನ ಬಿಚ್ಚೋಕೆ ಕೊಟ್ರೆ ಇನ್ನೂ ಮೂರು ಗಾಡಿ ಓಡುತ್ವೆ."

ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಕಟ್ಟಿನ ಗರಿಗಳನ್ನು ಬಿಡಿಸಿ ಮೂರು ಕಟ್ಟುಗಳ ಲೋಪ ತುಂಬುವುದಾದರೆ ನಾನು ಒಪ್ಪುವೆನೇ? ವಿದ್ವಾಂಸನಾಗಿ ಒಪ್ಪಲಾರೆ. ಆದರೆ ಆ ಮೂರು ಕಟ್ಟುಗಳನ್ನು ಇನ್ನೂ ಓದುವವರಿದ್ದಾರೆ, ನನ್ನದು ಅಂಗಳದಲ್ಲಿ ಸುಮ್ಮನೆ ನಿಂತಿದೆ ಎಂದಾದರೆ?

ಸಂಜೆ ತಂದೆಯವರಿಗೆ ವಿಷಯ ತಿಳಿಸಿದೆ. ಅವರು ಕಾರು ಓಡಿಸುವುದನ್ನು ಬಿಟ್ಟು ಆರು ವರ್ಷವಾಯಿತು. ಭಾನುವಾರ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಕಿವಿಗೊಟ್ಟು ಕೂರುವುದು ಮಾತ್ರ ತಪ್ಪಿಲ್ಲ. ಬಹಳ ಹೊತ್ತಿನ ಮೇಲೆ, ಆ ಮೂರು ಗಾಡಿಗಳಿಗೆ ಏನೇನು ಬೇಕಂತೆ ಎಂದು ಕೇಳಿದರು. ಒಂದಕ್ಕೆ ಹಿಂದಿನ ಸೀಟು ಹರಿದಿದೆಯಂತೆ ಎಂದೆ.

"ಸೀಟು ಕೊಟ್ಟುಬಿಡು," ಎಂದರು. "ಹಿಂದೆ ಕೂರುವವರು ಈಗ ಯಾರಿದ್ದಾರೆ? ಮಿಕ್ಕದ್ದು ನಾನಿರುವ ತನಕ ಇರಲಿ."