ಅಣ್ಣನ ಹೆಸರಿಗೆ ಸ್ಥಳ

ನಮ್ಮಣ್ಣ ಊರ ನಾಟಕಗಳಿಗೆ ಮಟ್ಟು ಹಾಕುತ್ತಿದ್ದ. ಕರಪತ್ರದಲ್ಲಿ ಮಾತ್ರ ಅವನ ಹೆಸರಿಗೆ ಎಂದೂ ಸ್ಥಳ ಸಾಲಲಿಲ್ಲ. ಅವನು ಹೋದ ಮೇಲೆ ಒಂದು ಮಟ್ಟನ್ನಾದರೂ ಪಾಶ್ಚಾತ್ಯ ಸ್ವರಲಿಪಿಗೆ ಇಳಿಸೋಣವೆಂದು, ಪಿಯಾನೋ ಕಲಿಯುವ ಮಗಳ ‘ಮ್ಯೂಸ್‌ಸ್ಕೋರ್’ ಮುಂದೆ ಕುಳಿತೆ. ಕನ್ನಡ ಮೇಷ್ಟರು ಇಟ್ಟ ಶೀರ್ಷಿಕೆಯಲ್ಲವೆ? ಎರಡು ಸಾಲಾಗಿ, ಅಣ್ಣನ ಹೆಸರನ್ನು ತುಳಿದುಕೊಂಡು ನಿಂತಿತು. ಪುಟದ ಮೇಲಂಚನ್ನು ಹಿಗ್ಗಿಸಿದೆ. ತುಳಿತ ತಪ್ಪಲಿಲ್ಲ; ಉಳಿದ ಪುಟಗಳೂ ಜೊತೆಗೇ ಕುಸಿದು, ಕಡೆಯ ಸಾಲು ಹೊಸ ಪುಟಕ್ಕೆ ಬಿತ್ತು.

“ಅಂಚು ಎಲ್ಲಾ ಪುಟಕ್ಕೂ ಸೇರಿದ್ದು ಅಪ್ಪಾ, ಮುಟ್ಟಬೇಡಿ. ಹೆಸರು ಕೂತಿರೋ ಚೌಕಟ್ಟನ್ನ ಹಿಡಿದು ಕೆಳಕ್ಕೆ ಎಳೀರಿ” ಎಂದಳು ಮಗಳು.

ಎಳೆದೆ. ಶೀರ್ಷಿಕೆ ಮೇಲೆಯೇ ಉಳಿಯಿತು. ಅಣ್ಣನ ಹೆಸರು ಬಲಗಡೆ ಮೆಲ್ಲನೆ ಇಳಿದು, ಮೊದಲ ಸಾಲಿನ ನೆತ್ತಿಯ ಮೇಲೆ ಒಂಟಿಯಾಗಿ ನಿಂತಿತು.

ಅತ್ತಿಗೆಗೆ ಒಂದು ಪ್ರತಿ ಕಳುಹಿಸಿದೆ. ಅವರಿಗೆ ಸ್ವರಲಿಪಿ ಬಾರದು, ಹೆಸರು ಓದಿದರಂತೆ.